‘ಬಿಕ್ಕೋಡು ಮನೆ’ ಗುಂಪಿಗೆ ಬಂದ ಜಪಾನಿ ಬಿಲ್ಲು

ನಮ್ಮ ಮನೆಯವರ ‘ಬಿಕ್ಕೋಡು ಮನೆ’ ವಾಟ್ಸ್‌ಆ್ಯಪ್ ಗುಂಪಿನಲ್ಲಿ 23 ಜನ ಇದ್ದೇವೆ. ಅಡ್ಮಿನ್ ನಾನು. ಅಡ್ಮಿನ್ ಅಂದರೆ ಹಾಸನದಲ್ಲಿ ಕೂತು ಎರಡೂ ಕಡೆಯವರಿಂದ ಬೈಸಿಕೊಳ್ಳುವ ಕೆಲಸ. ದಿನಾ ಬರುವ ಸುದ್ದಿ ಇಷ್ಟೇ: ಮಳೆ ಎಷ್ಟು ಇಂಚು ಆಯಿತು, ಆನೆ ಇವತ್ತು ಯಾರ ತೋಟದಲ್ಲಿದೆ, ಜೊತೆಗೆ ಅರಸೀಕೆರೆ ಅತ್ತೆಯ ಶುಭೋದಯದ ಗುಲಾಬಿ. ಕಳೆದ ಭಾನುವಾರ ಸಂಜೆ 7.12ಕ್ಕೆ ಪುಟ್ಟಿ ಅಲ್ಲಿಗೆ ಒಂದು ಬಿಲ್ಲಿನ ಫೋಟೊ ಹಾಕಿದಳು.

ಅವಳು ಹಾಕಬೇಕಿದ್ದದ್ದು ಆಫೀಸಿನ ಗೆಳತಿಯರ ಗುಂಪಿಗೆ. ಗೊತ್ತಾದ ತಕ್ಷಣ ಅಳಿಸಿದಳು. ಆದರೆ ಅಷ್ಟರಲ್ಲಿ ದೊಡ್ಡಪ್ಪ ಸ್ಕ್ರೀನ್‌ಶಾಟ್ ತೆಗೆದಾಗಿತ್ತು. ಅದನ್ನೇ ಮತ್ತೆ ಗುಂಪಿಗೆ ಹಾಕಿದರು, ಒಟ್ಟು ಮೊತ್ತದ ಸುತ್ತ ಕೆಂಪು ಗೆರೆ ಎಳೆದು. ಆ ಗೆರೆ ಎಳೆಯುವುದನ್ನು ಹೋದ ತಿಂಗಳು ಅವರಿಗೆ ಹೇಳಿಕೊಟ್ಟವನು ನಾನೇ.

ವಿಷಯ ಏನೆಂದರೆ, ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದಿದೆ. ಶನಿವಾರ ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿದ್ದಾಯಿತು. ಅಲ್ಲಿಂದ ಪುಟ್ಟಿ ಮತ್ತು ಅವಳ ಗಂಡ, ದೊಡ್ಡಮ್ಮನನ್ನೂ ಚಿಕ್ಕಮ್ಮನನ್ನೂ ಇಂದಿರಾನಗರದ ಒಂದು ಜಪಾನಿ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದರು. ನಾಲ್ಕು ಮಿಸೊ ಸೂಪ್ 720, ತರಕಾರಿ ಟೆಂಪುರಾ 520, ಬೆಣ್ಣೆಹಣ್ಣಿನ ಸುಶಿ 560, ಸಾಲ್ಮನ್ ಸುಶಿ 780, ಎರಡು ಉಡಾನ್ (ಸಾರಿನಲ್ಲಿ ಹಾಕಿದ ನೂಡಲ್ಸ್) 1,240, ಚಿಕನ್ ಕತ್ಸು ಕರಿ 690, ನಾಲ್ಕು ಗ್ರೀನ್ ಟೀ 480. ಅದರ ಮೇಲೆ ಸರ್ವಿಸ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ. ಒಟ್ಟು 5,763 ರೂಪಾಯಿ.

ದೊಡ್ಡಪ್ಪ ಟೈಪ್ ಮಾಡುವುದಿಲ್ಲ. ಮೈಕ್ ಒತ್ತಿ ಮಾತಾಡುತ್ತಾರೆ, ಫೋನು ಬರೆದುಕೊಳ್ಳುತ್ತದೆ.

ದೊಡ್ಡಪ್ಪ: ಐದು ಸಾವಿರದ ಏಳು ನೂರು ಕೊಟ್ಟು ಸುಶೀಲ ತಿಂದು ಬಂದಿದ್ದೀರಾ

ಅರಸೀಕೆರೆ ಅತ್ತೆ: ಯಾವ ಸುಶೀಲ ಅಣ್ಣಯ್ಯ? ಏನಾಯಿತು ಅವಳಿಗೆ?

ಗುಂಡ: 😂😂😂

ನಾನು: ಸುಶಿ, ಅತ್ತೆ. ಜಪಾನಿನವರ ಅನ್ನದ ತಿಂಡಿ.

ದೊಡ್ಡಪ್ಪ: ತೋಟದಲ್ಲಿ ಹತ್ತಾಳಿನ ಒಂದು ದಿನದ ಕೂಲಿ ಇದು. ಚೈನಾ ಊಟಕ್ಕೆ ಇಷ್ಟು ಕೊಡುತ್ತಾರಾ ಯಾರಾದರೂ

ಪುಟ್ಟಿ: ಚೈನಾ ಅಲ್ಲ ದೊಡ್ಡಪ್ಪ, ಜಪಾನ್.

ದೊಡ್ಡಪ್ಪ: ಎಲ್ಲಾ ಒಂದೇ

ಪುಟ್ಟಿ: ನಿಮ್ಮ ಕ್ವಾಲಿಸ್ ಜಪಾನಿನವರದು. ಅದು ಮಾತ್ರ ಚೈನಾ ಅಲ್ವಾ?

ಇದು ಸರಿಯಾದ ಜಾಗಕ್ಕೇ ತಾಗಿತು. ದೊಡ್ಡಪ್ಪನ ಕ್ವಾಲಿಸ್ ಮಾತು ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತೇವೆ. ಟೊಯೊಟಾದವರು ಬಿಡದಿಯಲ್ಲಿ 1999ರ ಕೊನೆಗೆ ಗಾಡಿ ಮಾಡಲು ಶುರು ಮಾಡಿದಾಗ ಮೊದಲು ಹೊರಬಂದದ್ದೇ ಕ್ವಾಲಿಸ್. ದೊಡ್ಡಪ್ಪನದು ಇವತ್ತಿಗೂ ಬಿಕ್ಕೋಡಿನ ಏರಿನಲ್ಲಿ ಮೂರನೇ ಗೇರಿನಲ್ಲೇ ಹತ್ತುತ್ತದೆ. ಜಪಾನಿನ ಎಂಜಿನಿಯರುಗಳು ಬೆಂಗಳೂರಿಗೆ ಬಂದು ಇದ್ದಮೇಲೆ ಅವರಿಗೂ ಊಟ ಬೇಕಲ್ಲ. ಮೊದಲು ಅವರಿಗಾಗಿ ನಡೆದ ಹೋಟೆಲುಗಳಲ್ಲಿ ಈಗ ನಮ್ಮ ಪುಟ್ಟಿಯಂಥವರೇ ತುಂಬಿದ್ದಾರೆ.

ದೊಡ್ಡಪ್ಪ ಐದು ನಿಮಿಷ ಸುಮ್ಮನಿದ್ದರು. ಆಗ ಗುಂಡ ಬಾಯಿ ಹಾಕಿದ. ಅವನು ಹಾಸನದಲ್ಲಿ ಪಿಯುಸಿ ಓದುತ್ತಿದ್ದಾನೆ. ಓದುತ್ತಿದ್ದಾನೆ ಎಂದು ಅವರಪ್ಪ ಹೇಳುತ್ತಾರೆ. ರಾತ್ರಿಯೆಲ್ಲಾ ನೋಡುವುದು ಕೊರಿಯಾದ ಸೀರಿಯಲ್ಲು, ಜಪಾನಿನ ಅಡುಗೆ ವಿಡಿಯೊ.

ಗುಂಡ: ಅಕ್ಕ, ಮಿಸೊ ಸೂಪಿಗೆ ಮೀನಿನ ನೀರು ಹಾಕುತ್ತಾರೆ ಅಲ್ವಾ?

ಪುಟ್ಟಿ: ಇಲ್ಲ ಕಣೋ. ಅದು ಸೋಯಾಬೀನಿನದು. ತೋಫು ಇತ್ತು, ಕಡಲ ಸೊಪ್ಪು ಇತ್ತು, ಅಷ್ಟೇ.

ಗುಂಡ: ಮಿಸೊ ಸೋಯಾಬೀನಿನದೇ. ಅದನ್ನು ಕದಡುವ ನೀರಿಗೆ ದಾಶಿ ಅಂತಾರೆ. ಕೊಂಬು ಅನ್ನೋ ಕಡಲ ಸೊಪ್ಪು, ಜೊತೆಗೆ ಕತ್ಸುಒಬುಶಿ. ಅಂದರೆ ಒಣ ಮೀನು.

ಗುಂಡ: ಉಡಾನಿನ ಸಾರೂ ಅದೇ. ಟೆಂಪುರಾಗೆ ಅದ್ದಿಕೊಳ್ಳಲು ಕೊಡುವ ನೀರೂ ಅದೇ.

ಗುಂಡ: 🐟

ಆ ಮೀನಿನ ಚಿತ್ರ ಬೇಕಿರಲಿಲ್ಲ.

ದೊಡ್ಡಮ್ಮ ಶನಿವಾರ ಮೀನು ಮಾಂಸ ಮುಟ್ಟುವುದಿಲ್ಲ. ತಿರುಪತಿ ತಿಮ್ಮಪ್ಪನಿಗೆ ಹೇಳಿಕೊಂಡದ್ದು. ನನಗೆ ಬುದ್ಧಿ ಬಂದಾಗಿನಿಂದ ಶನಿವಾರ ಆ ಮನೆಯಲ್ಲಿ ಮೊಟ್ಟೆ ಬುಟ್ಟಿಯೂ ಹಿಂದಿನ ಕೋಣೆಗೆ ಹೋಗುತ್ತದೆ.

ದೊಡ್ಡಪ್ಪ: ಶನಿವಾರ

ದೊಡ್ಡಪ್ಪ: ಶನಿವಾರ ಅವಳಿಗೆ ಮೀನು ಕುಡಿಸಿದ್ದೀರಾ

ಚಿಕ್ಕಮ್ಮ: ಭಾವ, ಮಗು ಸಪ್ಲೈಯರನ್ನು ಎರಡು ಸಲ ಕೇಳಿದಳು, ವೆಜ್ಜಾ ಅಂತ. ನಾನೇ ಪಕ್ಕದಲ್ಲಿದ್ದೆ. ವೆಜ್ಜೇ ಅಂದ.

ಪುಟ್ಟಿ: ಮೆನುವಿನಲ್ಲೂ ವೆಜ್ ಉಡಾನ್ ಅಂತಲೇ ಇತ್ತು.

ದೊಡ್ಡಪ್ಪ: ಇಷ್ಟು ದುಡ್ಡು ಇಸಿದುಕೊಂಡು ಸುಳ್ಳು ಹೇಳುತ್ತಾರಾ

ಇಲ್ಲಿ ನಾನು ಸಪ್ಲೈಯರ್ ಪರ ಒಂದು ಮಾತು ಹೇಳಿದೆ. ಅವನು ಬೇಕಂತ ಸುಳ್ಳು ಹೇಳಿರಲಿಕ್ಕಿಲ್ಲ. ತುಂಡು ಕಾಣದಿದ್ದರೆ ವೆಜ್ ಎಂದು ಅವನ ಲೆಕ್ಕ. ಅಲ್ಲಿ ‘ವೆಜ್ಜಾ’ ಅಂತ ಕೇಳಿದರೆ ಸಾಲದು, ‘ಸಾರಿಗೆ ಏನು ಹಾಕಿದ್ದೀರಿ’ ಅಂತ ಕೇಳಬೇಕು. ಬರೀ ಕೊಂಬು ಮತ್ತು ಒಣ ಅಣಬೆ ಹಾಕಿದ ದಾಶಿಯೂ ಇದೆ. ಜಪಾನಿನ ಬೌದ್ಧ ಮಠಗಳ ಅಡುಗೆ ನಡೆಯುವುದೇ ಅದರಲ್ಲಿ. ಮೊದಲೇ ಹೇಳಿದರೆ ಕೆಲವು ಕಡೆ ಮಾಡಿಕೊಡುತ್ತಾರೆ. ಕೊರಿಯಾದವರ ಕಿಮ್ಚಿಯ ಕತೆಯೂ ಇದೇ. ನೋಡಿದರೆ ಎಲೆಕೋಸಿನ ಉಪ್ಪಿನಕಾಯಿ. ಒಳಗೆ ಉಪ್ಪು ಹಾಕಿ ಹುದುಗಿಸಿದ ಸೀಗಡಿಯೋ ಮೀನಿನ ರಸವೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಷ್ಟನ್ನೂ ನಾನು ಗುಂಪಿನಲ್ಲಿ ಬರೆದೆ.

ದೊಡ್ಡಪ್ಪ: ನೀನು ಅಡ್ಮಿನ್ನೋ ಹೋಟೆಲಿನವರ ಲಾಯರೋ

ಲಾಯರ್ ಹೆಸರು ಕೇಳಿದ್ದೇ ಲಾಯರ್ ಭಾವ ಬಂದರು. ಅವರಿಗೆ ಮೀನು, ಶನಿವಾರ ಯಾವುದೂ ಬೇಕಿರಲಿಲ್ಲ. ಕಣ್ಣು ಬಿದ್ದದ್ದು ಬಿಲ್ಲಿನ ಒಂದು ಸಾಲಿನ ಮೇಲೆ.

ಲಾಯರ್ ಭಾವ: ಪುಟ್ಟಿ, ಈ ಸರ್ವಿಸ್ ಚಾರ್ಜ್ 499 ಯಾಕೆ ಕೊಟ್ಟೆ?

ಪುಟ್ಟಿ: ಬಿಲ್ಲಿನಲ್ಲೇ ಸೇರಿತ್ತು ಭಾವ.

ಲಾಯರ್ ಭಾವ: ಸೇರಿಸುವ ಹಾಗಿಲ್ಲ. 2022ರ ಜುಲೈನಲ್ಲೇ ಗ್ರಾಹಕರ ಪ್ರಾಧಿಕಾರ ಹೇಳಿದೆ. ಗಿರಾಕಿ ಇಷ್ಟಪಟ್ಟರೆ ಕೊಡಬಹುದು, ಹೋಟೆಲಿನವರು ತಾವೇ ಸೇರಿಸಬಾರದು. ಹೋಟೆಲಿನವರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಹೇಳಿತು.

ಲಾಯರ್ ಭಾವ: ಅದರ ಮೇಲೆ ಶೇ 5 ಜಿಎಸ್‌ಟಿ ಬೇರೆ. 499ಕ್ಕೆ ಇನ್ನು 25. ಒಟ್ಟು 524 ರೂಪಾಯಿ ಸುಮ್ನೆ ಹೋಯಿತು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡು.

ಪುಟ್ಟಿ: ತೆಗೆಯಿರಿ ಅಂತ ಕೇಳಲು ನಾಚಿಕೆಯಾಗುತ್ತೆ ಭಾವ. ಪಕ್ಕದ ಟೇಬಲ್ಲಿನವರೆಲ್ಲ ನೋಡುತ್ತಾರೆ.

ಚಿಕ್ಕಪ್ಪ: ನಾಚಿಕೆಗೆ 524 ರೂಪಾಯಿ.

ನನಗೆ ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಮಾತು ಅಂದರೆ ಇದೊಂದೇ ಅನ್ನಿಸಿತು. ಆದರೆ ಯಾರೂ ಅಲ್ಲಿ ನಿಲ್ಲಲಿಲ್ಲ. ದೊಡ್ಡಪ್ಪ ಮತ್ತೆ ರುಚಿಗೆ ಬಂದರು. ಅದರಲ್ಲಿ ಟೇಸ್ಟಿಂಗ್ ಪೌಡರ್ ಹಾಕುತ್ತಾರೆ, ಅದಕ್ಕೇ ನಿಮಗೆಲ್ಲ ರುಚಿ ಅಂದರು. ಗುಂಡ ಅದಕ್ಕೂ ತಯಾರಿದ್ದ. ಆ ಪುಡಿ ಹುಟ್ಟಿದ್ದೇ ದಾಶಿಯಿಂದ, 1908ರಲ್ಲಿ ಇಕೆದಾ ಎಂಬ ಜಪಾನಿ ಪ್ರೊಫೆಸರ್ ಕೊಂಬು ಕುದಿಸಿದ ನೀರಿನ ರುಚಿ ಯಾವುದರದು ಎಂದು ಹುಡುಕಿ ತೆಗೆದದ್ದು, ಆ ರುಚಿಗೆ ಉಮಾಮಿ ಎಂಬ ಹೆಸರು ಇಟ್ಟವರೂ ಅವರೇ ಎಂದು ಬರೆದ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಸಾಕಿತ್ತು.

ಚಿಕ್ಕಮ್ಮನಿಗೆ ಸುಶಿ ಹಿಡಿಸಿರಲಿಲ್ಲ. ‘ತಣ್ಣಗಿನ ಹುಳಿಯನ್ನ, ಮೇಲೆ ಕಪ್ಪು ಕಾಗದ ಸುತ್ತಿದ ಹಾಗೆ’ ಅಂದರು. ಆ ಹಸಿರು ವಸಾಬಿಯನ್ನು ಪುದೀನ ಚಟ್ನಿ ಎಂದುಕೊಂಡು ಒಂದು ಚಮಚ ಬಾಯಿಗೆ ಹಾಕಿ ಮೂಗಿನಿಂದ ಪ್ರಾಣ ಹೋದಂತಾಯಿತಂತೆ. ಟೆಂಪುರಾ ಮಾತ್ರ ಚೆನ್ನಾಗಿತ್ತಂತೆ. ಕಡಲೆಹಿಟ್ಟಿಲ್ಲದ ಬಜ್ಜಿ.

ದೊಡ್ಡಪ್ಪ: ಬಜ್ಜಿಗೆ 520

ಪುಟ್ಟಿ: ದೊಡ್ಡಪ್ಪ, ಮುಂದಿನ ಸಲ ಕೊರಿಯಾ ಹೋಟೆಲಿಗೆ ಕರೆದುಕೊಂಡು ಹೋಗುತ್ತೇನೆ. ಕಮ್ಮನಹಳ್ಳಿ ಕಡೆ ಇವೆ. ಊಟಕ್ಕೆ ಮೊದಲು ಐದಾರು ಬಟ್ಟಲು ಪಲ್ಯ ಇಡುತ್ತಾರೆ, ಬಾನ್‌ಚಾನ್ ಅಂತ. ಅದಕ್ಕೆ ಬಿಲ್ ಇಲ್ಲ. ಖಾಲಿಯಾದರೆ ಮತ್ತೆ ಕೊಡುತ್ತಾರೆ.

ದೊಡ್ಡಪ್ಪ: ನನಗೆ ಯಾವ ದೇಶದ ಊಟವೂ ಬೇಡ. ನನ್ನನ್ನು ಯಾರು ಕರೆದರು

ಕೊನೆಯ ಮಾತನ್ನು ಎಲ್ಲರೂ ಓದಿದರು, ಯಾರೂ ಉತ್ತರ ಕೊಡಲಿಲ್ಲ. ಶನಿವಾರ ದೊಡ್ಡಪ್ಪ ಬೆಂಗಳೂರಿಗೆ ಬಂದಿರಲಿಲ್ಲ. ಗೊಬ್ಬರದ ಲೋಡ್ ಬರುತ್ತದೆ ಎಂದು ಅವರೇ ಉಳಿದಿದ್ದರು. ಆದರೂ ಬನ್ನಿ ಎಂದು ಎರಡನೇ ಸಲ ಯಾರಾದರೂ ಕರೆದಿದ್ದರೋ ಇಲ್ಲವೋ.

ನಾನು ಒಂದು ಸಲ ಕೊರಿಯಾ ಊಟ ಮಾಡಿದ್ದೇನೆ, ಗೆಳೆಯನ ಜೊತೆ. ಪುಟ್ಟಿ ಹೇಳಿದ್ದು ನಿಜ. ಮೊದಲು ಚಿಕ್ಕ ಬಟ್ಟಲುಗಳು ಬಂದವು. ಎಳ್ಳೆಣ್ಣೆ ಹಾಕಿದ ಮೊಳಕೆಕಾಳು, ಆಲೂಗೆಡ್ಡೆ, ಸೌತೆ, ಕಿಮ್ಚಿ. ಕಡ್ಡಿ ಸ್ಟೀಲಿನದು, ಚಪ್ಪಟೆ. ಮೊಳಕೆ ಹಿಡಿದರೆ ಜಾರುತ್ತದೆ. ಮಾಂಸವನ್ನು ಟೇಬಲ್ಲಿನ ನಡುವೆಯೇ ಬಾಣಲಿಯಲ್ಲಿ ಸುಟ್ಟು, ಕತ್ತರಿಯಿಂದ ಚಕಚಕ ಕತ್ತರಿಸಿ ಹಾಕಿದರು. ಬಟ್ಟೆ ಕತ್ತರಿಸುವಂಥದ್ದೇ ಕತ್ತರಿ. ಅನ್ನ ತಿನ್ನಲು ಚಮಚ. ನಾನು ಮಾತಾಡುತ್ತಾ ಆ ಚಮಚವನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಿದೆ. ಗೆಳೆಯ ಥಟ್ಟನೆ ಕಿತ್ತು ಪಕ್ಕಕ್ಕಿಟ್ಟ. ಅವರಲ್ಲಿ ಹಿರಿಯರಿಗೆ ಎಡೆ ಇಡುವಾಗ ಅನ್ನಕ್ಕೆ ಚಮಚ ಹಾಗೆ ನೆಡುತ್ತಾರಂತೆ. ಪಿತೃಪಕ್ಷದಲ್ಲಿ ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಕಾಯುವ ಮನೆಯವನು ನಾನು. ಅದಾದ ಮೇಲೆ ಆ ಹೋಟೆಲು ಪರದೇಶ ಅನ್ನಿಸಲಿಲ್ಲ.

ಇದನ್ನೂ ಬರೆಯೋಣ ಎಂದುಕೊಂಡೆ. ಅಷ್ಟರಲ್ಲಿ ರಾತ್ರಿ 9.40ಕ್ಕೆ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಒಂದು ನಿಮಿಷ 50 ಸೆಕೆಂಡು.

ಒಂದು ಮಾತು ಹೇಳಬೇಕು. ಆ ಹೊತ್ತಿಗೆ ದೊಡ್ಡಮ್ಮ ಊರಿಗೆ ವಾಪಸ್ ಬಂದಾಗಿತ್ತು. ಅವರು ಅಡುಗೆಮನೆಯಲ್ಲಿ, ದೊಡ್ಡಪ್ಪ ಜಗಲಿಯಲ್ಲಿ. ನಡುವೆ ಒಂದು ಗೋಡೆ. ಆದರೂ ಜಗಳ ಹಾಸನ, ಬೆಂಗಳೂರು, ಅರಸೀಕೆರೆ ಸುತ್ತಿಕೊಂಡು ಹೋಗುತ್ತಿತ್ತು. ಹಿಂದೆ ಮಳೆ ಸದ್ದು, ಪಾತ್ರೆ ಸದ್ದು. ಕೇಳಿದ್ದನ್ನು ಹಾಗೇ ಬರೆಯುತ್ತೇನೆ:

‘ಪುಟ್ಟಿ, ನೀನು ಅಳಬೇಡ. ಆ ಸಾರಿನ ಬಟ್ಟಲು ಮೂಗಿನ ಹತ್ತಿರ ತಂದಾಗಲೇ ನನಗೆ ಗೊತ್ತಾಯಿತು. ಒಣ ಮೀನಿನ ವಾಸನೆ ನನಗೆ ಗೊತ್ತಾಗಲ್ವಾ? ನಲವತ್ತು ವರ್ಷ ಮಳೆಗಾಲಕ್ಕೆ ಅಂತ ಸಂತೆಯಿಂದ ತಂದು, ಒಲೆ ಮೇಲಿನ ಅಟ್ಟದಲ್ಲಿ ಕಟ್ಟಿ ಇಟ್ಟವಳು ನಾನು. ಇವರ ಅಮ್ಮನ ಕಾಲದಲ್ಲಿ ಮೂರು ತಿಂಗಳು ಪೇಟೆಗೆ ಹೋಗಕ್ಕೆ ಆಗ್ತಿರಲಿಲ್ಲ, ಅದೇ ಸಾರು. ಇದು ಸ್ವಲ್ಪ ಹೊಗೆ ಜಾಸ್ತಿ, ಅಷ್ಟೇ. ಎರಡು ಗುಟುಕು ಕುಡಿದು ಪಕ್ಕಕ್ಕಿಟ್ಟೆ. ನೂಡಲ್ಸ್ ತಿಂದೆ. ತಿಂದೆ ಅಂತಲೇ ಹೇಳ್ತೀನಿ. ಬೆಳಗ್ಗೆಯಿಂದ ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದ್ದರು, ಹೊಟ್ಟೆ ಹಸಿದಿತ್ತು. ಹುಡುಗಿ ಅಷ್ಟು ಆಸೆಯಿಂದ ಕರೆದುಕೊಂಡು ಹೋಗಿದಾಳೆ. ತಿಮ್ಮಪ್ಪನಿಗೂ ನನಗೂ ಬಿಟ್ಟ ವಿಷಯ ಅದು, ಇಪ್ಪತ್ತಮೂರು ಜನ ಯಾಕೆ? ಬಿಲ್ಲಂತೆ ಬಿಲ್ಲು. ಇವರು ಬೇಲೂರಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡ್ ಹತ್ತಿರ ಗೋಬಿ ತಿಂದು ಬರ್ತಾರಲ್ಲ, ಕೈಯೆಲ್ಲ ಕೆಂಪು ಮಾಡಿಕೊಂಡು. ಅದರ ಬಿಲ್ಲೂ ಗುಂಪಿಗೆ ಹಾಕಲಿ... ಏ, ಹಾಲು ಉಕ್ತು.’

ಅಲ್ಲಿಗೆ ಮುಗಿಯಿತು.

ಗುಂಡ: 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಬಣ್ಣ ಹಾಕಬಾರದು ಅಂತ ನಿಷೇಧ ಮಾಡಿದೆ ದೊಡ್ಡಪ್ಪ.

ಚಿಕ್ಕಪ್ಪ: ನೀನು ಫೋನ್ ಇಟ್ಟು ಮಲಗು.

ಅರಸೀಕೆರೆ ಅತ್ತೆ: ಅತ್ತಿಗೆ, ಡಾಕ್ಟರ್ ಏನಂದರು? ಆಪರೇಷನ್ ಯಾವಾಗ?

ಎರಡೂವರೆ ಗಂಟೆ ಮಾತಾದ ಮೇಲೆ ಕಣ್ಣಿನ ವಿಷಯ ಕೇಳಿದವರು ಅತ್ತೆ ಒಬ್ಬರೇ. ಮುಂದಿನ ತಿಂಗಳು ಎಂದು ಪುಟ್ಟಿ ಬರೆದಳು. ನಂತರ ಒಬ್ಬೊಬ್ಬರೇ ಗುಡ್ ನೈಟ್ ಹಾಕಿದರು. 10.58ಕ್ಕೆ ನಾನು ಫೋನು ಚಾರ್ಜಿಗೆ ಹಾಕುವಾಗ ಮತ್ತೊಂದು ಬಂತು. ಗುಂಪಿಗಲ್ಲ, ನನ್ನೊಬ್ಬನಿಗೆ.

ದೊಡ್ಡಪ್ಪ: ಆಪರೇಷನ್‌ಗೆ ನಾನೂ ಹೋಗುತ್ತೇನೆ. ಬುಧವಾರ ಬರುವ ಹಾಗೆ ನೋಡು ಅಂತ ಪುಟ್ಟಿಗೆ ಹೇಳು. ಆ ಪಲ್ಯ ಮತ್ತೆ ಮತ್ತೆ ಕೊಡುತ್ತಾರಂತಲ್ಲ, ಅದು ಎಷ್ಟು ಸಲ ಕೊಡುತ್ತಾರೆ ಕೇಳು