ಐಸಿಯು ಮಂಚದ ಕಂಬಿಯಲ್ಲಿ ಅಸಿನೆಟೊಬ್ಯಾಕ್ಟರ್: ಬ್ಲೀಚ್‌ಗೂ ಬಗ್ಗುತ್ತಿಲ್ಲವೇ?

ಪ್ರಶ್ನೆ:
ಮಂಚದ ಕಂಬಿಗಳನ್ನು ದಿನಕ್ಕೆರಡು ಸಲ 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಭಾಗ) ಸೋಡಿಯಂ ಹೈಪೋಕ್ಲೋರೈಟ್‌ನಿಂದ, ಅಂದರೆ ಕ್ಲೋರಿನ್ ಬ್ಲೀಚ್‌ನಿಂದ ಒರೆಸಿದರೂ ಸ್ವ್ಯಾಬ್‌ನಲ್ಲಿ ಅಸಿನೆಟೊಬ್ಯಾಕ್ಟರ್ ಬೌಮಾನಿ ಎಂಬ ಬ್ಯಾಕ್ಟೀರಿಯಾ ಬರುತ್ತಿದೆ. ಮೆರೊಪೆನೆಮ್ ಎಂಬ ಆಂಟಿಬಯೋಟಿಕ್‌ಗೆ ರೆಸಿಸ್ಟೆಂಟ್. ಬ್ಲೀಚ್‌ಗೂ ರೆಸಿಸ್ಟೆಂಟ್ ಆಗಿದೆಯೇ? 5000 ಪಿಪಿಎಂಗೆ ಏರಿಸಬೇಕೇ?

ಉತ್ತರ 1:
ಎರಡನ್ನೂ ಒಂದೇ ಗಂಟು ಹಾಕಬೇಡಿ. ಮೆರೊಪೆನೆಮ್ ಸೋಲುವುದು ಹೆಚ್ಚಾಗಿ ಆಕ್ಸಾ-23 ಥರದ ಕಿಣ್ವ ಅದನ್ನು ಒಡೆದುಹಾಕುವುದರಿಂದ. ಕ್ಲೋರಿನ್ ಮುಂದೆ ಆ ಕಿಣ್ವದ ಆಟ ನಡೆಯದು, ಕ್ಲೋರಿನ್ ಪ್ರೋಟೀನ್, ಕೋಶಪೊರೆ ಎಲ್ಲದರ ಮೇಲೂ ಒಟ್ಟಿಗೇ ಬೀಳುತ್ತದೆ. ಅನುಮಾನ ಪಡಬೇಕಾದ್ದು ಒರೆಸುವ ಕ್ರಮವನ್ನು.

1000 ಪಿಪಿಎಂ ಬರಬೇಕಾದರೆ, 5% ಸ್ಟಾಕ್ (ಕ್ಯಾನ್‌ನಲ್ಲಿ ಬರುವ ಗಟ್ಟಿ ದ್ರಾವಣ) ಆದರೆ 20 ಮಿ.ಲೀ.ಗೆ 980 ಮಿ.ಲೀ. ನೀರು, 10% ಆದರೆ 10ಕ್ಕೆ 990. ಬಿಸಿಲು, ಸೆಕೆಯಲ್ಲಿಟ್ಟ ಕ್ಯಾನ್‌ನಲ್ಲಿ ಲೇಬಲ್ಲಿನಷ್ಟು ಕ್ಲೋರಿನ್ ಉಳಿದಿರುವುದಿಲ್ಲ, ಆದ್ದರಿಂದ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ. ದ್ರಾವಣ ದಿನಾ ಹೊಸದಾಗಿ ಮಾಡಿ. ರಕ್ತ, ಕಫ ಅಂಟಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ. ಮೊದಲು ಡಿಟರ್ಜೆಂಟ್‌ನಲ್ಲಿ ಉಜ್ಜಿ ತೊಳೆಯಬೇಕು. ಒಣ ಮೇಲ್ಮೈಯಲ್ಲೂ ಬಯೋಫಿಲ್ಮ್ (ಬ್ಯಾಕ್ಟೀರಿಯಾ ಅಂಟಿಕೊಂಡು ಕಟ್ಟುವ ಪದರ) ಕಟ್ಟುತ್ತದೆ, ಉಜ್ಜದೆ ಅದು ಏಳುವುದಿಲ್ಲ. ಆಮೇಲೆ ಲೇಬಲ್ ಹೇಳಿದಷ್ಟು ಹೊತ್ತು ಕಂಬಿ ಒದ್ದೆಯಾಗಿರಬೇಕು. 10 ನಿಮಿಷ ಎಂದಿದ್ದು ಏಸಿ ಗಾಳಿಗೆ ಎರಡೇ ನಿಮಿಷಕ್ಕೆ ಒಣಗಿದರೆ ಮತ್ತೆ ಒದ್ದೆ ಮಾಡಿ.

5000 ಬೇಡ. ಅದು ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸೈಲ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸ್ಪೋರ್‌ಗಳಿಗೆ (ಗಟ್ಟಿ ಕವಚದ ಸುಪ್ತ ರೂಪ). ಸ್ಟೀಲ್ ತುಕ್ಕು ಹಿಡಿದು ಗುಳಿ ಬಿದ್ದರೆ ಶುಚಿ ಮಾಡುವುದು ಇನ್ನೂ ಕಷ್ಟ.

ಉತ್ತರ 2:
ಬಟ್ಟೆಯನ್ನೂ ನೋಡಿ. ಒಂದೇ ಬಟ್ಟೆ ನಾಲ್ಕು ಮಂಚ ಸುತ್ತಿದರೆ ಬ್ಯಾಕ್ಟೀರಿಯಾ ಹಂಚಿದಂತೆಯೇ. ಮಂಚಕ್ಕೊಂದು ಬಟ್ಟೆ, ಮಡಚಿ ಮಗ್ಗುಲು ಬದಲಿಸುತ್ತಾ ಒರೆಸಬೇಕು. ಬಳಸಿದ್ದನ್ನು ಮತ್ತೆ ಬಕೆಟ್‌ಗೆ ಅದ್ದಕೂಡದು. ಮುಂದೆ ಕ್ವಾಟರ್ನರಿ ಅಮೋನಿಯಂ ಎಂಬ ಬೇರೆ ಬಗೆಯ ಸೋಂಕುನಿವಾರಕಕ್ಕೆ ಬದಲಾದರೆ ಹತ್ತಿ ಬಟ್ಟೆ ಬಿಡಿ, ಹತ್ತಿಯೇ ಅದನ್ನು ಹೀರಿಟ್ಟುಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಕ್ವಾಕ್ (qac) ಜೀನ್‌ಗಳಿಂದ ಸಹಿಷ್ಣುತೆ ಬರುವ ಮಾತು ಇರುವುದೂ ಹೆಚ್ಚಾಗಿ ಆ ಗುಂಪಿನ ರಾಸಾಯನಿಕಗಳಿಗೆ.

ಉತ್ತರ 3:
ಸ್ವ್ಯಾಬ್ ಯಾವಾಗ ತೆಗೆದದ್ದು? ಒರೆಸಿ ನಾಲ್ಕು ಗಂಟೆಯಾಗಿದ್ದರೆ ಅದು ಗ್ಲೌಸ್ ಹಾಕಿದ ಕೈಗಳ ವರದಿ, ಬ್ಲೀಚ್‌ನದಲ್ಲ. ಶುಚಿಗೆ ಮುಂಚೆ ಒಂದು, ಒಣಗಿದ ಕೂಡಲೇ ಅದರ ಪಕ್ಕದ ಜಾಗದಿಂದ ಇನ್ನೊಂದು ತೆಗೆಯಿರಿ. ಸ್ವ್ಯಾಬ್ ಅದ್ದಿಡುವ ಟ್ಯೂಬಿನ ದ್ರವದಲ್ಲಿ ಕ್ಲೋರಿನ್ ಅಡಗಿಸುವ ಸೋಡಿಯಂ ಥಯೋಸಲ್ಫೇಟ್ ಇರಲೇಬೇಕು. ಇಲ್ಲದಿದ್ದರೆ ಉಳಿದ ಕ್ಲೋರಿನ್ ಟ್ಯೂಬಿನೊಳಗೂ ಕೊಲ್ಲುತ್ತಾ ಹೋಗಿ ಸುಳ್ಳು ನೆಗೆಟಿವ್ ಬರುತ್ತದೆ. ಎರಡನೆಯದು ನೆಗೆಟಿವ್ ಬಂದು ಸಂಜೆಗೆ ಮತ್ತೆ ಪಾಸಿಟಿವ್ ಆದರೆ ವೆಂಟಿಲೇಟರ್ ಗುಂಡಿ, ಮಾನಿಟರ್, ಸಿಂಕ್ ಹುಡುಕಿ. ಒಣ ಜಾಗದಲ್ಲಿ ಈ ಬ್ಯಾಕ್ಟೀರಿಯಾ ವಾರಗಟ್ಟಲೆ ಬದುಕುತ್ತದೆ. ರೋಗಿಯದೂ ಕಂಬಿಯದೂ ಒಂದೇ ತಳಿಯೇ ಎಂದು ಹೇಳಲು ಆಂಟಿಬಯೋಗ್ರಾಂ (ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂಬ ಪಟ್ಟಿ) ಹೊಂದಿಕೆ ಸಾಲದು, ಜೀನೋಮ್ ಸೀಕ್ವೆನ್ಸಿಂಗ್ ಬೇಕು.