ಅಪ್‌ಡೇಟ್: ಹಳೆ .315 ಕೋವಿಯ ನಳಿಗೆಗೆ ತುಕ್ಕು

ಮೂಡಿಗೆರೆ ಮಳೆಗಾಲದಲ್ಲಿ, ಎಣ್ಣೆ ಹಾಕಿಟ್ಟರೂ ಲೀ-ಎನ್‌ಫೀಲ್ಡ್ (ಹಳೆ ಬ್ರಿಟಿಷ್ ಸೇನೆಯ ಬಂದೂಕು) ಮಾದರಿಯ .315 (ಇಂಚಿನಲ್ಲಿ ನಳಿಗೆಯ ಅಳತೆ) ಕೋವಿಯ ನಳಿಗೆ ಯಾಕೆ ತುಕ್ಕು ಹಿಡಿಯುತ್ತೆ ಅಂತ ಕೇಳಿದ್ದೆ. ಕಾರಣ ಸಿಕ್ಕಿತು: ಹಳೆ ತೋಟಾಗಳ ಪ್ರೈಮರ್, ಅಂದ್ರೆ ತೋಟಾದ ಬುಡದಲ್ಲಿದ್ದು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಭಾಗ. ಅದು ಉರಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪು ಒಳಗೆ ಕೂರುತ್ತೆ, ತೇವ ಎಳೆಯುತ್ತೆ. ಎಣ್ಣೆಗೆ ಕರಗಲ್ಲ, ನೀರಿಗೆ ಕರಗುತ್ತೆ.

ಹಾಗಾಗಿ ಗುಂಡು ಹೊಡೆದ ದಿನವೇ ತೊಳೆಯಬೇಕು. ಕೋವಿ ಖಾಲಿಯೆಂದು ಎರಡು ಸಲ ನೋಡಿ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಜಾರುವ ಭಾಗ) ತೆಗೆದು, ಬಾಯಿ ಕೆಳಗೆ ಮಾಡಿ, ಚೇಂಬರ್ (ತೋಟಾ ಕೂರುವ ಜಾಗ) ಕಡೆಯಿಂದ ಆಲಿಕೆಯಲ್ಲಿ ಒಂದು ಲೀಟರ್ ಕುದಿನೀರು. ಕೋವಿಯ ಮರದ ಭಾಗಕ್ಕೆ ನೀರು ತಾಗಬಾರದು. ಆಮೇಲೆ ಒಣಬಟ್ಟೆ ಎಳೆಯುತ್ತಾ ಹೋಗಿ. ಕಪ್ಪು ಬಿಟ್ಟು ಬಿಳಿಯಾಗಿ ಬಂದಮೇಲೆ ತೆಳುವಾಗಿ ಎಣ್ಣೆ. ಬೋಲ್ಟಿನ ಮುಖಕ್ಕೂ ಇದೇ ಉಪಚಾರ, ಅಲ್ಲೂ ಉಪ್ಪಿರುತ್ತೆ. ಮತ್ತೆ ಹೊಡೆಯುವ ಮುಂಚೆ ನಳಿಗೆಯ ಎಣ್ಣೆ ಒರೆಸಲೇಬೇಕು. ಚರ್ಮದ ಚೀಲ ತೇವ ಹಿಡಿದಿಡುತ್ತೆ, ಅದರಲ್ಲಿ ಇಡಲೇಬೇಡಿ.