ಅಪ್‌ಡೇಟ್: ತಮ್ಮನ ಯುಡಿಐಡಿ ಕಾರ್ಡ್ ಬಂತು!

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ದೇಹದ ಚಲನೆ ಕಷ್ಟವಾಗುವ ಸ್ಥಿತಿ) ಇರುವ ತಮ್ಮನಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಬೇಕೇ ಬೇಕಾ, ಪಿಎಚ್‌ಡಿಗೆ ಹಣದ ನೆರವು ಸಿಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

ಹಳೇ ಅಂಗವೈಕಲ್ಯ ಸರ್ಟಿಫಿಕೇಟ್ ಸಾಕು ಅಂದುಕೊಂಡು ಸುಮ್ನೆ ಕಾಲ ಕಳೆದಿದ್ದೆವು. ಈ ಕಾರ್ಡಿನ ಸರ್ಕಾರಿ ಜಾಲತಾಣವಾದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಆಸ್ಪತ್ರೆಗೆ ಮತ್ತೆ ತಪಾಸಣೆಗೆ ಕರೆದರು. ಮೊದಲ ದಿನ ಅಂಗವೈಕಲ್ಯ ಎಷ್ಟೆಂದು ನಿರ್ಧರಿಸುವ ವೈದ್ಯಕೀಯ ಬೋರ್ಡಿನ ಡಾಕ್ಟರ್ ಬಂದಿರಲಿಲ್ಲ. ಮೂರು ಗಂಟೆ ಕಾದು ವಾಪಸ್ ಬಂದೆವು. ವೀಲ್‌ಚೇರ್‌ನಲ್ಲಿ ಅಷ್ಟು ಹೊತ್ತು ಕೂರುವುದು ಎಷ್ಟು ಕಷ್ಟ ಅಲ್ವಾ? ಹೋಗುವ ಮೊದಲು ಬೋರ್ಡ್ ಯಾವ ದಿನ ಕೂರುತ್ತದೆ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಎರಡನೇ ಸಲ ಬೇಗ ಮುಗಿಯಿತು. ಕಾರ್ಡಿನಲ್ಲಿ ಅಂಗವೈಕಲ್ಯ ಶೇ. 60 ಎಂದಿದೆ.

ಅದು ಶೇ. 40 ಅಥವಾ ಹೆಚ್ಚು ಇರುವುದೇ ಮುಖ್ಯ. ಅಷ್ಟಿದ್ದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲು, ಪ್ರವೇಶದ ಗರಿಷ್ಠ ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ ಇದೆ. ಸಂಶೋಧನೆಗೆ ಅಂಗವಿಕಲರಿಗಾಗಿ ಕೇಂದ್ರದ ನ್ಯಾಷನಲ್ ಫೆಲೋಶಿಪ್ (ಹಣದ ನೆರವು) ಬೇರೆಯೇ ಇದೆ. ಅದಕ್ಕೂ ಕನಿಷ್ಠ ಶೇ. 40 ಇರಬೇಕು.

ಒಬ್ಬರು ಹೇಳಿದ್ದ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆಗೂ ಅರ್ಜಿ ಹಾಕಿದೆವು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಥೆರಪಿಯೂ ಸೇರಿ. ನಮಗೆ ಜಾಸ್ತಿ ಖರ್ಚು ಅದರದ್ದೇ.

ತಮ್ಮ ಈಗ ಸಂಶೋಧನೆಯ ಪ್ರಸ್ತಾವನೆ ಬರೆಯುತ್ತಿದ್ದಾನೆ.